ಡೇರಿ ಮುಂದೆ ಗಂಟಲು ತೋರಿಸಿದ್ದು

ಭಾನುವಾರ ಬೆಳಗ್ಗೆ ಎದ್ದವನೇ ತಿರುಮಲೇಶ ಮುಖ ಕೂಡ ತೊಳೆಯದೆ ಗೌರಿಬಿದನೂರಿನ ಅಕ್ಕನಿಗೆ ಫೋನು ಮಾಡಿದ. ನಾಲ್ಕು ವರ್ಷದಿಂದ ಮಾಡದೆ ಉಳಿದಿದ್ದ ಫೋನು ಅದು. ಮುಖ ತೊಳೆಯಲು ಹೋದರೆ ಬಂದಿದ್ದ ಧೈರ್ಯವೂ ತೊಳೆದುಹೋದೀತೆಂದು ಅವನಿಗೆ ಭಯ.

"ಹಲೋ, ಯಾರು?" ಎಂದಳು ನಾಗವೇಣಕ್ಕ.

ಇವನು "ಅಕ್ಕಾ" ಎನ್ನಲು ಬಾಯಿ ತೆರೆದ. ಗಂಟಲಲ್ಲಿ ಎರಡು ಗೋಟಡಿಕೆ ಸಿಕ್ಕಿಕೊಂಡ ಹಾಗೆ ನೋವಾಯಿತೇ ಹೊರತು ದನಿ ಬರಲಿಲ್ಲ. ಬಂದದ್ದು ಬರೀ ಉಸಿರು.

"ಯಾರ್ರೀ ಅದು? ಮಾತಾಡ್ರಿ."

ಇವನು ಮತ್ತೂ ತಿಣುಕಿದ. ಮತ್ತೂ ಉಸಿರೇ ಬಂತು.

"ಥೂ ನಿನ್ನ. ಬೆಳಗಾಗೆದ್ದು ಹೆಂಗಸರಿಗೆ ಫೋನ್ ಮಾಡಿ ಉಸಿರು ಬಿಡ್ತೀಯ?" ಎಂದು ಅಕ್ಕ ಫೋನಿಟ್ಟಳು. ಇವನ ನಂಬರನ್ನು ಅವಳು ಯಾವತ್ತೋ ಅಳಿಸಿಹಾಕಿದ್ದಿರಬೇಕು. ಎರಡನೇ ಸಲ ಮಾಡಿದಾಗ ಪೊಲೀಸಿಗೆ ಹೇಳ್ತೀನಿ ಎಂದಳು. ಮೂರನೇ ಸಲ ಏನೂ ಅನ್ನಲಿಲ್ಲ. ಸುಮ್ಮನೆ ಕೇಳಿಸಿಕೊಂಡಳು, ಆಮೇಲೆ ಮೆತ್ತಗೆ ಇಟ್ಟುಬಿಟ್ಟಳು. ಕೋಪ ಮಾತನ್ನೂ ಮೀರಿ ಹೋಗಿದೆ ಎಂದುಕೊಂಡ ತಿರುಮಲೇಶ ನಾಲ್ಕನೇ ಸಲ ಮಾಡಲಿಲ್ಲ.

ಮಾರನೆಯ ದಿನ ಅವನ ಮಗಳ ತೊಟ್ಟಿಲ ಶಾಸ್ತ್ರ. ಎಷ್ಟೋ ವರ್ಷ ಕಾದು, ಹರಕೆ ಹೊತ್ತು, ಇನ್ನು ಇಲ್ಲವೆಂದು ಕೈಬಿಟ್ಟ ಮೇಲೆ ಹುಟ್ಟಿದ ಮಗು. ನಮ್ಮ ಕಡೆ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಅವಳು ಹೇಳುವ ತನಕ ಆ ಹೆಸರನ್ನು ಇನ್ನೊಬ್ಬರ ಮುಂದೆ ಆಡುವಂತಿಲ್ಲ. ತಿರುಮಲೇಶನಿಗೆ ಇರುವವಳು ಒಬ್ಬಳೇ ಅಕ್ಕ. ಆ ಅಕ್ಕ ನಾಲ್ಕು ವರ್ಷದಿಂದ ಇವನ ಹೊಸಿಲು ತುಳಿದಿಲ್ಲ.

ತಪ್ಪು ಇವನದೇ. ಒಡಹುಟ್ಟಿದವಳನ್ನು ಕರೆಯುವುದೆಂದರೆ ಅವಳ ಮನೆಗೆ ಹೋಗಿ, ಕುಂಕುಮ ಕೊಟ್ಟು, ಬಾಯಲ್ಲಿ "ಬಾಮ್ಮ" ಎನ್ನಬೇಕು. ಪತ್ರಿಕೆ ಊರಿನವರಿಗೆ, ಬಾಯಿಮಾತು ಬಂಧುಗಳಿಗೆ. ಇವನು ನಾಲ್ಕು ವರ್ಷದ ಹಿಂದೆ ತನ್ನ ಮನೆಯ ಗೃಹಪ್ರವೇಶದ ಗಡಿಬಿಡಿಯಲ್ಲಿ, ಅತ್ತ ಹೊರಟಿದ್ದ ಪಕ್ಕದ ಮನೆ ಮುನಿನಾರಾಯಣಪ್ಪನ ಕೈಗೆ ಪತ್ರಿಕೆ ಕೊಟ್ಟು "ಹಂಗೇ ಅಕ್ಕನಿಗೊಂದು ಕೊಟ್ಬಿಡಣ್ಣ" ಎಂದ. ಆ ಮಹಾರಾಯ ಅದನ್ನು ಗೇಟಿನ ಸಂದಿಗೆ ಸಿಕ್ಕಿಸಿ ಬಂದ. "ನನ್ನ ತಮ್ಮನಿಗೆ ಬಾಯಿ ಬಿದ್ದೋಗಿತ್ತಾ?" ಎಂದು ಅಕ್ಕ ಯಾರ ಹತ್ತಿರವೋ ಕೇಳಿದಳಂತೆ. ಆಗ ಬಿದ್ದುಹೋಗಿರಲಿಲ್ಲ. ಈಗ ಬಿದ್ದುಹೋಗಿತ್ತು.

ನಡುವೆ ಎಷ್ಟು ಯುಗಾದಿ, ಎಷ್ಟು ಗೌರಿಹಬ್ಬ ಬಂದುಹೋದವು. ಪ್ರತಿ ಹಬ್ಬಕ್ಕೂ ಫೋನು ಕೈಗೆತ್ತಿಕೊಂಡು, ಇನ್ನೊಂದು ಹಬ್ಬ ಆಗಲಿ ಎಂದು ಇಟ್ಟಿದ್ದ. ಅಕ್ಕನ ಮಗಳು ಪ್ರಿಯಾಂಕ ದೊಡ್ಡ ಓದು ಮುಗಿಸಿದಳೆಂದು ಸುದ್ದಿ ಬಂದಾಗಲೂ ಮಾಡಲಿಲ್ಲ. ಮಗು ಹುಟ್ಟಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಮಾಡಬೇಕೆಂದುಕೊಂಡ, ಆಗಲೂ ಇಲ್ಲ. ಮನುಷ್ಯ ಕೆಟ್ಟವನಲ್ಲ. ನಾಳೆಯನ್ನು ಅತಿಯಾಗಿ ನಂಬಿದವನು, ಅಷ್ಟೇ.

ಹೆಂಡತಿ ತನುಜ ಅವನ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿದಳು. "ಅಯ್ಯೋ, ಒಳಗೆಲ್ಲ ಕೆಂಡ ಆಗೈತೆ. ಬಿಳಿ ಚುಕ್ಕೆ ಬೇರೆ ಐತೆ. ನಾನು ಬಡ್ಕೊಂಡೆ, ಮಗು ಹುಟ್ಟಿದ ದಿನಾನೇ ಮಾಡಿ ಅಂತ. ಹೋಗ್ಲಿ, ಈಗ ನಾನೇ ಮಾಡ್ಲಾ?"

ಅವನು ಬೇಡವೆಂದು ಜೋರಾಗಿ ತಲೆಯಾಡಿಸಿದ. ಇನ್ನೊಬ್ಬರ ಕೈಲಿ ಕರೆಸಿದ್ದಕ್ಕೇ ಇಷ್ಟು ಆಗಿರುವುದು. ಈ ಸಲ ತನ್ನ ಬಾಯಲ್ಲೇ ಆಗಬೇಕು. ಅದಕ್ಕೆ ಸಂಜೆಯೊಳಗೆ ಗಂಟಲು ರಿಪೇರಿಯಾಗಬೇಕು.

ಬೇಡವೆಂದಾಗಲೇ ಬರುವವನು ಪಕ್ಕದ ಮನೆಯವನು. ಮುನಿನಾರಾಯಣಪ್ಪ ಹಾಲಿನ ಕ್ಯಾನು ಹಿಡಿದುಕೊಂಡು ಒಳಗೆ ಇಣುಕಿದ. ಕಾಯಿಲೆ ಇನ್ನೊಬ್ಬರದಾದರೆ ಅವನಿಗೆ ಎಲ್ಲಿಲ್ಲದ ಹುರುಪು.

"ಇವತ್ತು ಭಾನುವಾರ, ಚಿಂತಾಮಣೀಲಿ ಒಬ್ಬ ಡಾಕ್ಟ್ರೂ ಸಿಗಲ್ಲ ಕಣಪ್ಪ. ಯಾಕೆ ಒದ್ದಾಡ್ತೀಯ? ನನ್ನ ಫೋನಲ್ಲಿ ಡಾಕ್ಟ್ರಿದಾರೆ. ಮಂಡಿ ನೋವಿಗೆ ಅದ್ರಲ್ಲೇ ಮಾತ್ರೆ ಬರೆಸ್ಕೊಂಡಿದ್ದು ನಾನು. ನಮ್ಮ ಜಿಲ್ಲೆ ಡಾಕ್ಟ್ರುಗಳೇ ಮನೇಲಿ ಕೂತ್ಕಂಡು ನೋಡ್ತಾರೆ. ನಡಿ ಡೇರಿಗೆ."

ಡೇರಿಗೇ ಯಾಕೆಂದರೆ, ಅಂಬಾಜಿದುರ್ಗದ ಬೆಟ್ಟ ಅಡ್ಡ ಬಂದು ಚಿಂತಾಮಣಿ ಪಕ್ಕದ ಆ ಹಳ್ಳಿಗೆ ಇಂಟರ್ನೆಟ್ಟು ಸಿಗುವುದಿಲ್ಲ. ಹಾಲಿನ ಲೆಕ್ಕದ ಕಂಪ್ಯೂಟರಿಗೆಂದು ಹಾಕಿಸಿದ ವೈಫೈ ಒಂದೇ ಊರಿಗೆಲ್ಲ ಗತಿ. ಹೀಗಾಗಿ ಆ ಊರಿನಲ್ಲಿ ಯಾರು ಯಾವ ಡಾಕ್ಟರಿಗೆ ಏನು ತೋರಿಸಿದರೂ ಹಾಲು ಹಾಕಲು ಬಂದವರ ಮುಂದೆಯೇ ತೋರಿಸಬೇಕು. ಮೂಲವ್ಯಾಧಿಯವರು ಮಾತ್ರ ಬಸ್ಸು ಹತ್ತಿ ಹೋಗುತ್ತಾರೆ.

ಡೇರಿ ಮುಂದೆ ಕ್ಯಾನುಗಳ ಸಾಲು ಇತ್ತು. ಸಾಲಿನಲ್ಲಿದ್ದ ಆದಿಲಕ್ಷ್ಮಮ್ಮ ಇವನ ಮುಖ ನೋಡಿದೊಡನೆ ಕಾಯಿಲೆ ಕಂಡುಹಿಡಿದಳು.

"ಕಿರುನಾಲಿಗೆ ಬಿದ್ದೈತೆ. ಡಾಕ್ಟ್ರು ಯಾತಕ್ಕೆ? ಬಗ್ಗು ಇಲ್ಲಿ." ಬಗ್ಗುವ ಮೊದಲೇ ಅವಳು ಇವನ ನೆತ್ತಿಯ ಕೂದಲನ್ನು ಬೆರಳಿಗೆ ಸುತ್ತಿಕೊಂಡು ಮೇಲಕ್ಕೆ ಜಗ್ಗಿದಳು. ಬಿದ್ದ ಕಿರುನಾಲಿಗೆ ಏಳಬೇಕಾದರೆ ನೆತ್ತಿಯಲ್ಲಿ ಟಕ್ಕೆಂದು ಸದ್ದಾಗಬೇಕು. ಸದ್ದಾಗಲಿಲ್ಲ, ಕೂದಲು ಕಿತ್ತುಬಂತು. ತಿರುಮಲೇಶನ ಕಣ್ಣಲ್ಲಿ ನೀರು ತುಂಬಿತು. ಅರಚೋಣವೆಂದರೆ ದನಿಯಿಲ್ಲ.

"ಬಿಡಮ್ಮೋ, ಡಾಕ್ಟ್ರು ನೋಡ್ತಾರೆ" ಎಂದ ಮುನಿನಾರಾಯಣಪ್ಪ.

"ನೋಡ್ಲಿ ನೋಡ್ಲಿ. ಕೊಂಡನಾಲಿಕಕಿ ಮಂದೇಸ್ತೆ ಉನ್ನ ನಾಲಿಕ ಊಡಿಂದಂಟ" ಎಂದು ಆದಿಲಕ್ಷ್ಮಮ್ಮ ಕೈಗಂಟಿದ್ದ ಕೂದಲು ಕೊಡವಿದಳು. ಕಿರುನಾಲಿಗೆಗೆ ಮದ್ದು ಹಾಕಲು ಹೋಗಿ ಇದ್ದ ನಾಲಿಗೆಯೂ ಉದುರಿಹೋಯಿತು ಎಂದು ತೆಲುಗಿನವರ ಗಾದೆ. ನಮ್ಮ ಕಡೆ ಬೈಯುವುದು ಕನ್ನಡದಲ್ಲಾದರೂ ಬುದ್ಧಿ ಹೇಳುವುದು ತೆಲುಗಿನಲ್ಲಿ. ಆ ಬುದ್ಧಿಯನ್ನು ತಿರುಮಲೇಶ ಆಗಲೇ ಕೇಳಿದ್ದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಹಾಲೆಲ್ಲ ಅಳೆದು ಮುಗಿದರೂ ಡಾಕ್ಟರು ಸಿಗಲಿಲ್ಲ. ಫೋನಿನಲ್ಲಿ ಸರದಿ ನಡೆಯುತ್ತಲೇ ಇತ್ತು. ಸಾಲಿನವರು ಮಾತ್ರ ಒಬ್ಬರೂ ಮನೆಗೆ ಹೋಗಲಿಲ್ಲ. ಕೊನೆಗೆ ಟಿಂಗ್ ಎಂದು ಸದ್ದಾಗಿ ಒಂದು ಹೆಣ್ಣುದನಿ ಕೇಳಿತು.

"ನಮಸ್ತೆ, ಹೇಳಿ. ಏನು ತೊಂದರೆ?"

"ಗಂಟಲು ಮೇಡಂ" ಎಂದು ಮುನಿನಾರಾಯಣಪ್ಪ ಫೋನಿನ ದೀಪ ಹಚ್ಚಿದ. ದೀಪವಿರುವುದು ಫೋನಿನ ಬೆನ್ನಿಗೆ. ಹಾಗಾಗಿ ಡಾಕ್ಟರ ಮುಖ ಕಂಡದ್ದು ಅವನಿಗೆ, ತಿರುಮಲೇಶನಿಗೆ ಕಂಡದ್ದು ಕಣ್ಣು ಕುಕ್ಕುವ ಬೆಳಕು. ಡೇರಿ ಸೆಕ್ರೆಟರಿ ರಮೇಶ್‌ಬಾಬು ಹಾಲು ತೆಗೆಯುವ ಸೌಟನ್ನು ಬಿಸಿನೀರಿನಲ್ಲಿ ಅದ್ದಿ, ಅದರ ಹಿಡಿಯಿಂದ ಇವನ ನಾಲಿಗೆಯನ್ನು ಅದುಮಿ ಹಿಡಿದ. ಹಾಲು ಪರೀಕ್ಷೆ ಮಾಡುವವನಾದ್ದರಿಂದ ತಾನೂ ಒಮ್ಮೆ ಬಗ್ಗಿ ನೋಡಿ "ಕೆಟ್ಟೈತೆ" ಎಂದು ತೀರ್ಪು ಕೊಟ್ಟ.

"ಆ ಅನ್ನಿ. ಇನ್ನೂ ಅಗಲ. ಹೂಂ, ಎರಡೂ ಟಾನ್ಸಿಲ್ ಊದಿವೆ, ಕೀವು ಕಟ್ಟಿದೆ. ಜ್ವರ ಇದೆಯಾ? ಮುನಿನಾರಾಯಣಪ್ಪ ಅಂತ ಹೆಸರಿದೆ, ಅರವತ್ತೆರಡು ವರ್ಷ. ಗಂಟಲಿಗೆ ಅಷ್ಟು ವಯಸ್ಸಾದಂಗೆ ಕಾಣಲ್ವಲ್ಲ."

"ಫೋನು ನಂದು ಮೇಡಂ. ಗಂಟಲು ತಿರುಮಲೇಶಂದು. ಚಿಂತಾಮಣೀಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟವ್ನೆ" ಎಂದು ಊರಿನ ಹೆಸರನ್ನೂ ಹೇಳಿದ.

ಅತ್ತ ದನಿ ನಿಂತಿತು. ಹಿಂದೆ ಎಲ್ಲೋ ಸ್ಟೀಲಿನ ಪಾತ್ರೆ ಬಿದ್ದು ಉರುಳಿದ ಸದ್ದು. "ನೆಟ್‌ವರ್ಕು" ಎಂದು ರಮೇಶ್‌ಬಾಬು ಸೌಟು ಬಿಡದೆಯೇ ಇನ್ನೊಂದು ಕೈ ಚಾಚಿ ವೈಫೈ ಡಬ್ಬಿಗೆ ಎರಡೇಟು ಹಾಕಿದ. ದನಿ ಮರಳಿ ಬಂತು, ಸ್ವಲ್ಪ ಮೆತ್ತಗಾಗಿತ್ತು.

"ಮಾತ್ರೆ ಬರೀತೀನಿ, ಕೋರ್ಸು ಪೂರ್ತಿ ತಗೋಬೇಕು. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸ್ಬೇಕು. ದನಿನೂ ಹೋಗಿರೋದ್ರಿಂದ ಮೂರ್ನಾಲ್ಕು ದಿನ ಮಾತಾಡ್ಬಾರ್ದು. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು."

"ಅದಾಗಲ್ಲ ಮೇಡಂ" ಎಂದ ಮುನಿನಾರಾಯಣಪ್ಪ. "ನಾಳೆ ಇವನ ಮಗೂಗೆ ತೊಟ್ಟಿಲು. ಇವತ್ತು ಸಾಯಂಕಾಲದೊಳಗೆ ಮಾತು ಬರೋ ಇಂಜೆಕ್ಷನ್ ಏನಾರ ಇದ್ರೆ ಬರೀರಿ."

"ಅಷ್ಟು ಅರ್ಜೆಂಟ್ ಯಾಕೆ? ಯಾರ ಹತ್ರ ಮಾತಾಡ್ಬೇಕಿತ್ತು?"

ಡಾಕ್ಟರು ಕೇಳಬಾರದ ಪ್ರಶ್ನೆ ಅದು. ಅದರಲ್ಲೂ ಮುನಿನಾರಾಯಣಪ್ಪನನ್ನು.

"ಇವನಿಗೊಬ್ಳು ಅಕ್ಕ ಅವ್ಳೆ ಮೇಡಂ, ಗೌರಿಬಿದನೂರಲ್ಲಿ. ಗಂಡ ಕುಡುಮಲಕುಂಟೆ ಫ್ಯಾಕ್ಟರೀಲಿ ಸೂಪರ್‌ವೈಜರ್ರು, ಇವ್ಳು ಮನೇಲಿ ಮಹಾರಾಣಿ. ಬಲು ಜಂಬದ ಹೆಂಗ್ಸು. ಗೃಹಪ್ರವೇಶಕ್ಕೆ ನಾನೇ ಖುದ್ದಾಗಿ ಪತ್ರಿಕೆ ಕೊಟ್ಟು ಬಂದ್ರೂ ಬರಲಿಲ್ಲ. ಬಾಯಲ್ಲೇ ಕರೀಬೇಕಂತೆ. ಮೆರವಣಿಗೆ ಒಂದು ಬಾಕಿ."

ತಿರುಮಲೇಶ ಕಣ್ಣು ಅಗಲಿಸಿ ತಲೆಯಾಡಿಸಲು ನೋಡಿದ. ನಾಲಿಗೆಯ ಮೇಲೆ ಸೌಟು, ಗಲ್ಲದ ಕೆಳಗೆ ರಮೇಶ್‌ಬಾಬುವಿನ ಕೈ.

"ಇವನಿಗೇನು ಕರೆಯೋ ಆಸೆ ಇಲ್ಲ ಮೇಡಂ. ಶಾಸ್ತ್ರಕ್ಕೆ ಒಬ್ಬಳು ಅತ್ತೆ ಬೇಕಲ್ಲ, ಇಲ್ದಿದ್ರೆ ಜನ ಆಡ್ಕೋತಾರಲ್ಲ, ಅದಕ್ಕೆ."

"ಅವರೇ ಹಾಗಂದ್ರಾ?" ಎಂದಿತು ಡಾಕ್ಟರ ದನಿ.

"ಈಗ ಅವನ ಬಾಯಿ ನಾನೇ ಅಲ್ವಾ ಮೇಡಂ. ಹೌದು ತಾನೇನೋ?"

"ಆ... ಆ..." ಎಂದು ತಿರುಮಲೇಶ ಒದ್ದಾಡಿದ.

"ನೋಡಿ, ಹೌದು ಅಂತಾವ್ನೆ."

ಸಾಲಿನವರು ನಕ್ಕರು. ಫೋನಿನೊಳಗೆ ಯಾರೂ ನಗಲಿಲ್ಲ. "ಮಾತ್ರೆ ಬರೆದಿದೀನಿ" ಎಂದಷ್ಟೇ ಹೇಳಿ ಡಾಕ್ಟರು ಹೊರಟುಹೋದರು. ಸೌಟು ತೆಗೆದ ಮೇಲೆ ತಿರುಮಲೇಶ ಮುನಿನಾರಾಯಣಪ್ಪನನ್ನು ನುಂಗುವ ಹಾಗೆ ನೋಡಿದ. ಅವನು ಬೆನ್ನು ತಟ್ಟಿ, "ಥ್ಯಾಂಕ್ಸ್ ಎಲ್ಲ ಯಾಕಪ್ಪ, ಅಕ್ಕಪಕ್ಕದೋರು ಇರೋದೇ ಇದಕ್ಕೆ" ಎಂದ.

ಆದಿಲಕ್ಷ್ಮಮ್ಮ ಅಷ್ಟರಲ್ಲಿ ಇನ್ನೊಂದು ದಾರಿ ಹುಡುಕಿದ್ದಳು. "ಆವಮ್ಮ ಬರದಿದ್ರೆ ಬೇಡ. ಅತ್ತೆ ಜಾಗದಲ್ಲಿ ನಾನೇ ಕೂತ್ಕೋತೀನಿ. ರೇಷ್ಮೆ ಸೀರೆ ಆಗ್ಲೇ ಗಾಳಿಗೆ ಹಾಕಿದೀನಿ."

ಚಿಂತಾಮಣಿಯ ಮೆಡಿಕಲ್ಲಿನಿಂದ ಮಾತ್ರೆ ಬಂತು. ತಿರುಮಲೇಶ ನುಂಗಿದ, ಉಪ್ಪುನೀರು ಮುಕ್ಕಳಿಸಿದ, ಬಿಸಿನೀರು ಕುಡಿದ. ಮಧ್ಯಾಹ್ನವಾದರೂ ದನಿಯ ಸುಳಿವಿಲ್ಲ. ತೊಟ್ಟಿಲಿಗೆ ಬಣ್ಣದ ಕಾಗದ ಕಟ್ಟುತ್ತಿದ್ದ ತನುಜಳನ್ನು ನೋಡುತ್ತ ಕೂತವನಿಗೆ ಚಿಕ್ಕಂದಿನದು ನೆನಪಾಯಿತು. ಆಗೆಲ್ಲ ಚಳಿಗಾಲ ಬಂದರೆ ಸಾಕು, ಅವನ ಗಂಟಲು ಊದಿಕೊಳ್ಳುತ್ತಿತ್ತು. ಅಕ್ಕ ಸೊಂಟದ ಮೇಲೆ ಎತ್ತಿಕೊಂಡು ಚಿಂತಾಮಣಿಯ ಡಾಕ್ಟರ ಹತ್ತಿರ ಹೋಗುತ್ತಿದ್ದಳು. ಇವನು ಬಾಯಿ ಬಿಡುತ್ತಿರಲಿಲ್ಲ, ಎಲ್ಲವನ್ನೂ ಅವಳೇ ಹೇಳುತ್ತಿದ್ದಳು. ಎಲ್ಲಿ ನೋವು, ಯಾವಾಗಿಂದ, ಏನು ತಿಂದ. ಅವತ್ತಿನಿಂದ ಇವನಿಗೆ ತನ್ನ ಮಾತನ್ನು ಇನ್ನೊಬ್ಬರು ಆಡುವುದು ಅಭ್ಯಾಸವಾಗಿಬಿಟ್ಟಿತ್ತು. ಆಡುವವಳು ಅಕ್ಕನಾದರೆ ಸರಿ, ಮುನಿನಾರಾಯಣಪ್ಪನಾದರೆ ಹೇಗೆ ಎಂದು ಯಾವತ್ತೂ ಯೋಚಿಸಿರಲಿಲ್ಲ.

ಎದ್ದ. ಕುಂಕುಮದ ಬಟ್ಟಲು ತೋರಿಸಿದ. ತನುಜ ಅರ್ಥ ಮಾಡಿಕೊಂಡು ಕುಂಕುಮ, ಎಲೆ ಅಡಿಕೆ, ಬಾಳೆಹಣ್ಣು ಕಟ್ಟಿಕೊಟ್ಟಳು. "ಮಾತಿಲ್ದಿದ್ರೆ ಏನಂತೆ, ಕಾಲಿಗೆ ಬಿದ್ಬಿಡಿ. ಅಕ್ಕನೇ ತಾನೆ" ಎಂದಳು. ಬೈಕು ಶುರುವಾದ ಸದ್ದಿಗೆ ಮುನಿನಾರಾಯಣಪ್ಪ ಪಂಚೆ ಕಟ್ಟಿಕೊಳ್ಳುತ್ತ ಓಡಿಬಂದ. "ತಡಿಯೋ, ನಾನೂ ಬರ್ತೀನಿ. ಅಲ್ಲಿ ಮಾತಾಡಕ್ಕೆ ಒಬ್ರು ಬೇಡ್ವಾ?" ತಿರುಮಲೇಶ ಹಿಂದೆ ತಿರುಗಿ ನೋಡದೆ ಬೈಕು ಬಿಟ್ಟ. ಅವತ್ತು ಅವನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಶಿಡ್ಲಘಟ್ಟ ದಾಟಿ, ಚಿಕ್ಕಬಳ್ಳಾಪುರ ದಾಟಿ, ಮಂಚೇನಹಳ್ಳಿಯ ಹತ್ತಿರ ಬೈಕು ನಿಲ್ಲಿಸಿ ಬಿಸಿ ಟೀ ಕುಡಿದ. ಯಾರೂ ಇಲ್ಲದ್ದು ನೋಡಿ, "ಅಕ್ಕ, ತೊಟ್ಟಿಲಿಗೆ ಬಾಮ್ಮ" ಎಂದು ಹೇಳಿನೋಡಿದ. ಹರಿದ ಗೋಣಿ ಎಳೆದ ಹಾಗೆ ಒಂದಿಷ್ಟು ದನಿ ಬಂತು. ಇವನಿಗೆ ಅಳುವಷ್ಟು ಸಂತೋಷವಾಯಿತು. ಅಷ್ಟನ್ನು ಖರ್ಚು ಮಾಡಬಾರದೆಂದು ಬಾಯಿ ಬಿಗಿಹಿಡಿದು, ಉಗುಳು ನುಂಗಲೂ ಹೆದರುತ್ತ ಗೌರಿಬಿದನೂರು ಸೇರಿದ.

ಅಕ್ಕನ ಮನೆಯ ಬಾಗಿಲು ತಟ್ಟಿದ. ಕನ್ನಡಕ ಹಾಕಿದ ಹುಡುಗಿಯೊಬ್ಬಳು ಬಾಗಿಲು ತೆರೆದಳು. ನಾಲ್ಕು ವರ್ಷದಲ್ಲಿ ಬೆಳೆದುಬಿಟ್ಟಿದ್ದ ಪ್ರಿಯಾಂಕ. ಇವನು ಬಾಯಿ ತೆರೆಯುವುದಕ್ಕೂ ಅವಳು ಕೈ ಅಡ್ಡ ಹಿಡಿಯುವುದಕ್ಕೂ ಸರಿಹೋಯಿತು.

"ಮಾಮ, ಮಾತಾಡ್ಬೇಡಿ. ಪಿಸುಮಾತೂ ಬೇಡ ಅಂತ ಬೆಳಿಗ್ಗೆನೇ ಹೇಳಿದ್ನಲ್ಲ."

ಅದೇ ದನಿ. ಬೆಳಕಿನ ಹಿಂದಿನಿಂದ ಬಂದ ದನಿ. ಮಂಚೇನಹಳ್ಳಿಯಲ್ಲಿ ಸಿಕ್ಕಿದ್ದ ಅಷ್ಟು ದನಿಯೂ ಎತ್ತಲೋ ಹೋಯಿತು.

"ಹೆಡ್‌ಫೋನ್ ಹಾಕ್ಕೊಂಡಿರಲಿಲ್ಲ ಮಾಮ" ಎಂದಳು ಅವಳು ತಲೆ ತಗ್ಗಿಸಿ. "ಅಮ್ಮ ಪಕ್ಕದಲ್ಲೇ ಅವರೆಕಾಯಿ ಬಿಡಿಸ್ತಾ ಕೂತಿದ್ರು. ನನ್ನದೇ ತಪ್ಪು. ಪೇಷೆಂಟ್ ಯಾರು ಅಂತ ಗೊತ್ತಾದ್ಮೇಲಾದ್ರೂ ಏಳಬೇಕಿತ್ತು, ಆಮೇಲೆ ಆ ಪ್ರಶ್ನೆ ಬೇರೆ ಕೇಳಿಬಿಟ್ಟೆ."

ಒಳಗೆ ನಡುಮನೆಯಲ್ಲಿ ಅಕ್ಕ ಈಗಲೂ ಅವರೆಕಾಯಿಯ ಗುಡ್ಡೆಯ ಮುಂದೆ ಕೂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ತಲೆಯೆತ್ತದೆ ಮಾತಾಡಿದಳು.

"ಬಾಪ್ಪ, ಕೂತ್ಕೋ. ನಿನ್ನ ಹೆಸರು ಹೇಳೋಕೆ ಮುಂಚೇನೇ ಗುರುತು ಸಿಕ್ತು. ಆ ಗಂಟಲು ನಂಗೊತ್ತಿಲ್ವಾ? ಚಿಕ್ಕೋನಿದ್ದಾಗ ಎಷ್ಟು ಸಲ ಚಮಚ ಇಟ್ಟು ನೋಡಿಲ್ಲ."

ಇವನು ಕುಂಕುಮದ ಪೊಟ್ಟಣ ಅವಳ ಮುಂದಿಟ್ಟು ಕಾಲಿಗೆ ಬಿದ್ದ. ಅವಳು ಕುಂಕುಮ ತೆಗೆದು ಹಣೆಗಿಟ್ಟುಕೊಂಡಳು.

"ಕುಂಕುಮ ಬೇಡ ಅನ್ನಲ್ಲ. ಬರೋ ಮಾತು ಬೇರೆ. ಬೆಳಿಗ್ಗೆ ಫೋನ್ ಮಾಡಿ ಉಸಿರು ಬಿಟ್ಟಿದ್ದು ನೀನೇ ತಾನೆ?"

ಹೌದೆಂದು ತಲೆಯಾಡಿಸಿದ.

"ಮೂರನೇ ಸಲಕ್ಕೆ ಗೊತ್ತಾಯ್ತು ಕಣೋ. ನೀನು ಅಳೋಕೆ ಮುಂಚೆ ಹಂಗೇ ಉಸಿರು ಎಳ್ಕೊಳ್ತಿದ್ದಿದ್ದು. ನಾಳೆ ತೊಟ್ಟಿಲು ಅಂತ ಯಾರೋ ಹೇಳಿದ್ರು. ಬಾಯಿ ಬರದಷ್ಟು ಪಶ್ಚಾತ್ತಾಪ ಆಗೈತೆ ನನ್ನ ತಮ್ಮನಿಗೆ, ಇನ್ನು ಬಿಗುಮಾನ ಬೇಡ, ಹೋಗಣ ಅಂದ್ಕೊಂಡೆ. ನೋಡು ಅಲ್ಲಿ."

ಮಂಚದ ಮೇಲೆ ಮಡಿಸಿಟ್ಟ ರೇಷ್ಮೆ ಸೀರೆ ಇತ್ತು. ಪಕ್ಕದಲ್ಲಿ ಮಗುವಿನ ಕುಲಾವಿ, ಬೆಳ್ಳಿಯ ಕಾಲ್ಗಡಗ, ಅರ್ಧ ತುಂಬಿದ ಚೀಲ. ತಿರುಮಲೇಶನಿಗೆ ಆದಿಲಕ್ಷ್ಮಮ್ಮನ ಗಾದೆ ನೆನಪಾಯಿತು. ಬರೀ ಉಸಿರಿಗೇ ಅಕ್ಕ ಒಲಿದಿದ್ದ ಮೇಲೆ ಇವನು ದನಿ ರಿಪೇರಿ ಮಾಡಿಸಲು ಡೇರಿಗೆ ಹೋಗಿದ್ದ. ಮನೆಯಲ್ಲೇ ಗಂಟಲು ಹಿಡಿದುಕೊಂಡು ನರಳುತ್ತ ಬಿದ್ದಿದ್ದರೆ ಸಾಕಿತ್ತು.

"ಈಗ ಹೆಂಗೆ ಬರ್ಲಿ ಹೇಳು? ಇಡೀ ಹಾಲಿನ ಸಾಲಿಗೆ ಕೇಳೋ ಹಂಗೆ ನನ್ನನ್ನ ಹರಾಜು ಹಾಕಿದೀರ. ಜಂಬದ ಹೆಂಗ್ಸಂತೆ, ಮಹಾರಾಣಿಯಂತೆ. ಆ ಮಾತು ನಿಂದಲ್ಲ ಅಂತ ನಂಗೆ ಗೊತ್ತು. ಅವ್ರಿಗೆ ಗೊತ್ತಾ? ಅವರ ಮುಂದೆ ಯಾವ ಮುಖ ಹೊತ್ಕೊಂಡು ತೊಟ್ಟಿಲ ಹತ್ರ ನಿಲ್ಲಲಿ?"

ಇವನು ಕೈ ಮುಗಿದ. ಬಾಯಾಡಿಸಿದ. ಪ್ರಿಯಾಂಕ ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಅಕ್ಕ ಎದ್ದು ಒಳಗೆ ಹೋಗಿ, ಅನ್ನವನ್ನು ಗಂಜಿಯ ಹಾಗೆ ಹಿಸುಕಿ ಮೆಣಸಿನ ಸಾರು ಹಾಕಿ ತಂದು ಇವನ ಮುಂದಿಟ್ಟಳು. ಅವನು ಒಂದೊಂದು ತುತ್ತನ್ನೂ ನೋವಿನಿಂದ ನುಂಗುವುದನ್ನು ನೋಡುತ್ತ ಕೂತಳು. ಕಣ್ಣೀರು ಗಂಟಲ ನೋವಿಗೆ ಬಂದದ್ದೆಂದು ಅವನೂ ನಟಿಸಿದ, ಅವಳೂ ನಂಬಿದವಳ ಹಾಗಿದ್ದಳು.

ಹೊರಡುವಾಗ ಚೀಲವನ್ನು ಬೈಕಿಗೆ ಸಿಕ್ಕಿಸಿ ಅಕ್ಕ ಹತ್ತಿರ ಬಂದಳು. "ಮಗು ಏನು ತಪ್ಪು ಮಾಡೈತೆ? ಹುಟ್ಟಿದ ಸುದ್ದಿ ಕೇಳಿದ ದಿನದಿಂದ ಒಂದು ಹೆಸರು ಎತ್ತಿಟ್ಟಿದೀನಿ, ನೀನು ಕರೀತೀಯ ಅಂತ. ಬಗ್ಗು."

ಅವನು ಬಗ್ಗಿದ. ಅವಳು ಕಿವಿಗೆ ಬಾಯಿಟ್ಟು ಹೆಸರು ಹೇಳಿದಳು. ಎರಡಕ್ಷರದ, ಚೆಂದದ ಹೆಸರು.

"ನಾಳೆ ನೀನೇ ಅದರ ಕಿವೀಲಿ ಹೇಳ್ಬೇಕು. ನಿನ್ನ ಬಾಯಲ್ಲೇ. ಇನ್ನೊಬ್ಬರ ಕೈಲಿ ಹೇಳಿಸಿದ್ರೆ, ಬರೆದು ತೋರಿಸಿದ್ರೆ, ನನ್ನ ಮೇಲಾಣೆ."

"ಅಮ್ಮ, ಅವರು ನಾಳೆ ಮಾತಾಡೋ ಹಂಗಿಲ್ಲ" ಎಂದಳು ಪ್ರಿಯಾಂಕ.

"ಅದು ನಿಮ್ಮ ಡಾಕ್ಟ್ರುಗಳ ವಿಷಯ" ಎಂದು ಅಕ್ಕ ಒಳಗೆ ಹೋದಳು. ಅವಳು ಬಾಗಿಲು ಹಾಕಿಕೊಳ್ಳಲಿಲ್ಲ, ಆದರೆ ಹೊರಗೂ ಬರಲಿಲ್ಲ.

ತಿರುಮಲೇಶ ಆ ಹೆಸರನ್ನು ಹೊತ್ತುಕೊಂಡು ದಾರಿಯುದ್ದಕ್ಕೂ ನಾಲ್ಕು ವರ್ಷದ ಹಬ್ಬಗಳನ್ನೆಲ್ಲ ನೆನೆಸಿಕೊಂಡ. ಆಗೆಲ್ಲ ದನಿ ಎಷ್ಟು ಗಟ್ಟಿಯಾಗಿತ್ತು. ಅಂಗಡಿಯಲ್ಲಿ ಪೈಪು ಮಾರಲು ಊರಿಗೆಲ್ಲ ಕೇಳುವ ಹಾಗೆ ಅರಚಿದ್ದ. ಅದರಲ್ಲಿ ಒಂದು ಮಾತನ್ನು ಉಳಿಸಿಕೊಂಡಿದ್ದರೂ ಆಗುತ್ತಿತ್ತು.

ಊರು ಸೇರುವಾಗ ಡೇರಿಯಲ್ಲಿ ಸಂಜೆಯ ಹಾಲು ಅಳೆಯುತ್ತಿದ್ದರು. ಮುನಿನಾರಾಯಣಪ್ಪ ರಸ್ತೆಗೆ ಅಡ್ಡ ನಿಂತು ಬೈಕು ನಿಲ್ಲಿಸಿದ. "ಏನಂದ್ರಪ್ಪ ನಿಮ್ಮಕ್ಕ? ಬರ್ತಾರಂತಾ?"

ತಿರುಮಲೇಶ ಇಲ್ಲವೆಂದು ತಲೆಯಾಡಿಸಿದ. ಅವನಿಗೇ ಅರಿವಿಲ್ಲದೆ ಕೈ ಕಿವಿಗೆ ಹೋಯಿತು. ಮುನಿನಾರಾಯಣಪ್ಪ ಬೇರೆ ಏನನ್ನೂ ಅರ್ಥ ಮಾಡಿಕೊಳ್ಳದಿದ್ದರೂ ಅದನ್ನು ಮಾತ್ರ ತಟ್ಟನೆ ಅರ್ಥ ಮಾಡಿಕೊಂಡ.

"ಓಹೋ, ಹೆಸರು ಹೇಳಿ ಕಳ್ಸಿದಾರೆ. ನೀನು ಹೇಳಕ್ಕಾಗಲ್ಲ, ಅದೇ ಚಿಂತೆ ತಾನೆ? ನಾನಿಲ್ವೇನೋ? ನನ್ನ ಕಿವೀಲಿ ಒಂದ್ಸಲ ಊದ್ಬಿಡು, ನಾಳೆ ಮಗೂಗೆ ನಾನೇ ಹೇಳ್ತೀನಿ."

ಅವನು ತಲೆಯನ್ನು ಓರೆ ಮಾಡಿ ತನ್ನ ದೊಡ್ಡ ಕಿವಿಯನ್ನು ಅಕ್ಕನ ಆಣೆ ಹೊತ್ತು ಬಂದಿದ್ದ ತಿರುಮಲೇಶನ ಬಾಯಿಯ ಹತ್ತಿರಕ್ಕೆ ತಂದ. ಹಿಂದೆ ಆದಿಲಕ್ಷ್ಮಮ್ಮ, ಅವಳ ಹಿಂದೆ ರಮೇಶ್‌ಬಾಬು, ಅವರ ಹಿಂದೆ ಹಾಲಿನ ಸಾಲು, ಎಲ್ಲರೂ ಕತ್ತು ಚಾಚಿ ಅವನು ಬಾಯಿ ತೆರೆಯುವುದನ್ನೇ ಕಾಯುತ್ತಿದ್ದರು.